ದೊಡ್ಡಪ್ಪ ಹ್ಞೂಂ ಅಂದರು

ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಹಿತ್ತಾಳೆ ಪಾತ್ರೆ ಇದೆ. ನಡು ಸಣ್ಣ, ಬಾಯಿ ಅಗಲ. ನನ್ನ ಸೊಸೆ ಅದನ್ನು ಹುಣಸೆಹಣ್ಣು ಹಾಕಿ ಬೆಳಗಿ, ಅದರೊಳಗೆ ಪ್ಲಾಸ್ಟಿಕ್ ಗುಲಾಬಿ ಸಿಕ್ಕಿಸಿ ಇಟ್ಟಿದ್ದಾಳೆ. ಬಂದವರೆಲ್ಲ, "ಎಷ್ಟು ಚೆನ್ನಾಗಿದೆ, ಹಳೇ ಕಾಲದ್ದಾ?" ಅನ್ನುತ್ತಾರೆ. ಹಳೇ ಕಾಲದ್ದೇ. ಅದು ನಮ್ಮ ದೊಡ್ಡಪ್ಪ ಎಲೆ ಅಡಿಕೆ ಉಗುಳುತ್ತಿದ್ದ ಪೀಕದಾನಿ. ಸೊಸೆಗೆ ನಾನು ಹೇಳಿಲ್ಲ. ನೀವೂ ಹೇಳಬೇಡಿ.

ಮೊನ್ನೆ ಮಹಡಿ ಮನೆಗೆ ಬಾಡಿಗೆಗೆ ಬಂದಿರುವ ಹುಡುಗ ಕಾಫಿಗೆ ಬಂದಿದ್ದ. ಕಂಪನಿಗಳಿಗೆ ಹೋಗಿ ಮ್ಯಾನೇಜರುಗಳಿಗೆ ನಾಯಕತ್ವದ ಪಾಠ ಹೇಳುವುದು ಅವನ ಕೆಲಸವಂತೆ. ಅದನ್ನೂ ಹೇಳಿಕೊಡುತ್ತಾರೆ ಅನ್ನುವುದು ನನಗೆ ಗೊತ್ತಿರಲಿಲ್ಲ. ನಮ್ಮ ಕಾಲದಲ್ಲಿ ಅದು ಮೀಸೆಯ ಹಾಗೆ, ಬಂದವರಿಗೆ ತಾನಾಗಿ ಬರುತ್ತಿತ್ತು. ಹುಡುಗ ಪೀಕದಾನಿಯ ಪಕ್ಕದಲ್ಲೇ ಕೂತು, "ಅಮ್ಮಾ, ಒಳ್ಳೇ ನಾಯಕ ಅಂದರೆ ತಕ್ಷಣ ತೀರ್ಮಾನ ತಗೋಬೇಕು. ಅದನ್ನ ಎಲ್ಲರಿಗೂ ಅರ್ಥ ಆಗೋ ಹಾಗೆ ಹೇಳಬೇಕು. ತಪ್ಪಾದರೆ ಒಪ್ಪಿಕೋಬೇಕು. ಅಂಥವರನ್ನ ನೀವು ಹತ್ತಿರದಿಂದ ನೋಡಿದೀರಾ?" ಎಂದು ಕೇಳಿದ.

ಇವುಗಳಲ್ಲಿ ಒಂದನ್ನೂ ಮಾಡದೆ ಒಂದು ಊರನ್ನೇ ಆಳಿದವರನ್ನು ನೋಡಿದ್ದೇನೆ ಎಂದು ಹೇಳಬೇಕೆನಿಸಿತು. ಪಾಪ, ಹೊಟ್ಟೆಪಾಡಿಗೆ ಹೇಳಿಕೊಂಡು ತಿರುಗುವ ಹುಡುಗ, ಅವನ ಪಾಠ ಯಾಕೆ ಕೆಡಿಸಲಿ ಅಂತ ಇನ್ನೊಂದು ಲೋಟ ಕಾಫಿ ಕೊಟ್ಟು ಕಳಿಸಿದೆ. ಆದರೆ ನೀವು ನನ್ನವರು, ನಿಮ್ಮ ಹತ್ತಿರ ಹೇಳಿದರೆ ಏನೂ ಕೆಡುವುದಿಲ್ಲ.

ನಮ್ಮೂರು ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವೆ, ತೆರಕಣಾಂಬಿಯಿಂದ ಒಂದಿಷ್ಟು ಒಳಗೆ. ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು. ಪಂಚಾಯ್ತಿ, ಓಟು ಎಲ್ಲ ಹೊಸದಾಗಿ ಬಂದಿದ್ದವು. ನಮ್ಮೂರಲ್ಲಿ ಮಾತ್ರ ಓಟಿನ ಪೆಟ್ಟಿಗೆಗೆ ಕೆಲಸವೇ ಬರಲಿಲ್ಲ. ಎಲ್ಲರೂ ಒಂದೇ ಬಾಯಲ್ಲಿ ನಮ್ಮ ದೊಡ್ಡಪ್ಪನನ್ನು ಛೇರ್ಮನ್ ಮಾಡಿಬಿಟ್ಟರು. ಕಾರಣ ಸರಳ. ದೊಡ್ಡಪ್ಪ ಯಾರಿಗೂ ಯಾವತ್ತೂ ಇಲ್ಲ ಅಂದವರಲ್ಲ. ಹೌದು ಅಂದವರೂ ಅಲ್ಲ, ಅದು ಬೇರೆ ವಿಚಾರ.

ಅವರ ಕ್ರಮ ಹೀಗಿತ್ತು. ಯಾರಾದರೂ ಬಂದು ಜಗುಲಿಯ ಮೇಲೆ ಕೂತು, "ಯಜಮಾನ್ರೇ, ಇದ್ಕ ಏನ್ ಮಾಡನ?" ಎಂದರೆ, ದೊಡ್ಡಪ್ಪ ಮೊದಲು ಮಾಡಿನ ತೊಲೆ ನೋಡುವರು. ಆಮೇಲೆ ಕೈ ತಾನಾಗಿ ಎಲೆ ಅಡಿಕೆ ಚೀಲಕ್ಕೆ ಹೋಗುವುದು. ಒಂದು ಎಲೆ ತೆಗೆದು ತೊಡೆಯ ಮೇಲೆ ಒರೆಸುವುದು, ತೊಟ್ಟು ಮುರಿಯುವುದು, ಬೆನ್ನಿನ ನಾರು ಎಳೆಯುವುದು, ಉಗುರಿನ ತುದಿಯಿಂದ ಸುಣ್ಣ ಸವರುವುದು. ಕೇಳಲು ಬಂದವನು ಅಷ್ಟು ಹೊತ್ತೂ ಉಸಿರು ಬಿಗಿಹಿಡಿದು ನೋಡುತ್ತ ಕೂತಿರುವನು. ಎಲೆ ಎಡಗಡೆ ದವಡೆಗೆ ಸೇರಿ, ಅಡಿಕೆ ಪುಡಿಯಾಗಿ, ಬಾಯಿ ತುಂಬ ರಸ ಬಂದ ಮೇಲೆ ಇನ್ನೇನು ಮಾತಾಡಲು ಸಾಧ್ಯ? ದೊಡ್ಡಪ್ಪ ಗಲ್ಲ ಮೇಲೆತ್ತಿ, "ಹ್ಞೂಂ" ಅನ್ನುವರು. ತೀರ್ಮಾನ ಆಯಿತು.

ಆ ಹ್ಞೂಂಕಾರದಲ್ಲೂ ಬಗೆಬಗೆ ಇತ್ತು ಎಂದು ಊರು ನಂಬಿತ್ತು. ಗಿಡ್ಡನೆಯ ಹ್ಞೂಂ ಅಂದರೆ ಸರಿ. ಎಳೆದ ಹ್ಞೂಂ ಅಂದರೆ ಸದ್ಯಕ್ಕೆ ಬೇಡ. ಕಣ್ಣು ಮುಚ್ಚಿ ಅಂದರೆ ಒಂದು, ತೆರೆದು ಅಂದರೆ ಇನ್ನೊಂದು. ಅನುಮಾನ ಬಂದವರು ಹಿತ್ತಲ ಬಾಗಿಲಿಗೆ ಹೋಗಿ ನಮ್ಮ ದೊಡ್ಡಮ್ಮನನ್ನು ಕೇಳುತ್ತಿದ್ದರು. ದೊಡ್ಡಮ್ಮ ರಾಗಿ ಬೀಸುತ್ತಲೇ ಅರ್ಥ ಹೇಳುವರು. ಅವರಿಗೆ ಆ ದಿನ ಯಾರ ಮೇಲೆ ಪ್ರೀತಿಯೋ ಅರ್ಥವೂ ಆ ಕಡೆಗೇ ಇರುತ್ತಿತ್ತು. ಈಗ ಸರ್ಕಾರದಲ್ಲಿ ಮಂತ್ರಿಗೊಬ್ಬ ಕಾರ್ಯದರ್ಶಿ ಅಂತ ಇರುತ್ತಾರಲ್ಲ, ಅವರನ್ನು ನೋಡಿದಾಗೆಲ್ಲ ನನಗೆ ದೊಡ್ಡಮ್ಮನ ಬೀಸುವ ಕಲ್ಲಿನ ಸದ್ದು ಕೇಳಿಸುತ್ತದೆ.

ಎದುರು ಮನೆಯ ಮಾದಪ್ಪಣ್ಣ ಅಂತ ಒಬ್ಬರಿದ್ದರು. ದೊಡ್ಡಪ್ಪನ ಮೇಲೆ ಅವರಿಗೆ ಎಂಥ ಭಕ್ತಿ ಅಂದರೆ, ದೊಡ್ಡಪ್ಪ ಸೀನಿದರೂ ಅದರಲ್ಲಿ ಬುದ್ಧಿವಾದ ಹುಡುಕುವರು. "ಯಜಮಾನ್ರು ಸುಮ್ನ ಅವ್ರೆ ಅಂದ್ರ ಸುಮ್ನ ಇಲ್ಲ ಕಣ್ಲಾ, ಒಳಗ ಕೆಲ್ಸ ನಡೀತಾ ಅದೆ" ಎನ್ನುವುದು ಅವರ ಮಾತು. ಒಂದು ಸಲ ಬೆಳಗಾಗುವ ಹೊತ್ತಿಗೆ ಬಂಡೀಪುರದ ಕಡೆಯಿಂದ ಆನೆಗಳು ಬಂದು ಮಾದಪ್ಪಣ್ಣನ ಜೋಳದ ಹೊಲದಲ್ಲಿ ನಿಂತವು. ಗಂಡಸರೆಲ್ಲ ತಮಟೆ, ದೊಣ್ಣೆ ಹಿಡಿದು ನಮ್ಮ ಜಗುಲಿಗೆ ಓಡಿಬಂದರು. ಓಡಿಸೋಣವೋ, ಗುಂಡ್ಲುಪೇಟೆಗೆ ಹೇಳಿಕಳಿಸೋಣವೋ? ದೊಡ್ಡಪ್ಪ ಎಲೆ ತೆಗೆದು ಒರೆಸಿದರು. ಅವರು ಅದನ್ನು ಹಾಕಿಕೊಂಡು, ಅಗಿದು, ಹ್ಞೂಂ ಅನ್ನುವಷ್ಟರಲ್ಲಿ ಆನೆಗಳು ಹೊಟ್ಟೆ ತುಂಬ ತಿಂದು ಬಂದ ದಾರಿಯಲ್ಲೇ ಹೋಗಿದ್ದವು. ಮಾದಪ್ಪಣ್ಣ ನೆಲಸಮವಾದ ಹೊಲದಲ್ಲಿ ನಿಂತುಕೊಂಡು, "ನೋಡುದ್ರಾ, ನಾವು ಆತ್ರ ಬಿದ್ದು ಓಗಿದ್ರ ಒಂದೆರಡು ಎಣ ಬೀಳ್ತಿತ್ತು. ಯಜಮಾನ್ರ ತಾಳ್ಮೆ ನಮ್ಮ ಉಳ್ಸ್ತು" ಅಂದರು. ಬೆಳೆ ಕಳೆದುಕೊಂಡವರೇ ಹಾಗಂದ ಮೇಲೆ ಮಿಕ್ಕವರು ಏನನ್ನುತ್ತಾರೆ?

ನಮ್ಮೂರ ಪ್ರೈಮರಿ ಸ್ಕೂಲಿನ ಕಟ್ಟಡದ ಕತೆ ಇನ್ನೂ ಸ್ವಾರಸ್ಯ. ಜಾಗ ಗೊತ್ತುಮಾಡಲು ತಾಲ್ಲೂಕಿನಿಂದ ಸಾಹೇಬರು ಬಂದಿದ್ದರು. ಊರಾಚೆ ನಿಂತು, "ಛೇರ್ಮನ್ನರೇ, ಎಲ್ಲಿ ಕಟ್ಟಿಸೋಣ?" ಅಂದರು. ದೊಡ್ಡಪ್ಪನ ಬಾಯಿ ತುಂಬಿತ್ತು. ದೊಡ್ಡ ಸಾಹೇಬರು, ಹ್ಞೂಂ ಅಂದರೆ ಮರ್ಯಾದೆಯಲ್ಲ, ಉಗುಳಿ ಮಾತಾಡೋಣ ಎಂದು ಪಕ್ಕಕ್ಕೆ ತಿರುಗಿ ಹುಣಸೇಮರದ ಕಡೆಗೆ ಉಗುಳಿದರು. ಸಾಹೇಬರ ಜೊತೆ ಬಂದಿದ್ದ ಸರ್ವೆಯವನು ಅಲ್ಲೇ ಹೋಗಿ ಗೂಟ ಹೊಡೆದ. ಅದು ಊರಿಗೆಲ್ಲ ತಗ್ಗು ಜಾಗ. ಮಳೆ ಬಂದರೆ ಸ್ಕೂಲಿನೊಳಗೆ ಮಂಡಿಯುದ್ದ ನೀರು. ಮಳೆಗಾಲವಿಡೀ ರಜ ಸಿಗುತ್ತಿದ್ದುದರಿಂದ ಊರ ಮಕ್ಕಳಿಗೆಲ್ಲ ದೊಡ್ಡಪ್ಪ ದೇವರಾಗಿದ್ದರು. ನಾನೂ ಆ ಭಕ್ತರಲ್ಲಿ ಒಬ್ಬಳು.

ಬರೀ ಅವರನ್ನು ಆಡಿಕೊಂಡು ಏನು ಬಂತು? ಸೊಸೆ ಬೆಳಿಗ್ಗೆ, "ಅತ್ತೆ, ಇವತ್ತು ಏನು ಸಾರು ಮಾಡಲಿ?" ಎಂದು ಕೇಳಿದರೆ ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಲು ಶುರು ಮಾಡುತ್ತೇನೆ. ಒರೆಸಿ ಮುಗಿಯುವಷ್ಟರಲ್ಲಿ ಅವಳೇ ಬೇಳೆ ಹಾಕಿರುತ್ತಾಳೆ. ಚೆನ್ನಾಗಾದರೆ, ನಾನೂ ಅದನ್ನೇ ಹೇಳೋಣ ಅಂತಿದ್ದೆ ಅನ್ನುತ್ತೇನೆ. ಚೆನ್ನಾಗಾಗದಿದ್ದರೆ ನನ್ನನ್ನು ಕೇಳಿ ಮಾಡಬೇಕಿತ್ತು ಅನ್ನುತ್ತೇನೆ. ರಕ್ತ ಎಲ್ಲಿ ಹೋಗುತ್ತದೆ ಹೇಳಿ.

ನಮ್ಮಪ್ಪ ದೊಡ್ಡಪ್ಪನಿಗೆ ಒಬ್ಬನೇ ತಮ್ಮ. ಅಪ್ಪನ ಜೀವನಸೂತ್ರ ಇನ್ನೂ ಚಿಕ್ಕದು. "ಅಣ್ಣ ಏನಂದನೋ ಅದೇ." ಎತ್ತು ಕೊಳ್ಳುವುದಿರಲಿ, ತಲೆಗೂದಲು ಕತ್ತರಿಸಿಕೊಳ್ಳುವುದಿರಲಿ, ಅಣ್ಣ ಹೇಳಬೇಕು. ಅಣ್ಣ ಏನೂ ಅನ್ನುವುದಿಲ್ಲ ಎಂಬುದು ಅಪ್ಪನಿಗೆ ಅಡ್ಡಿಯಾಗುತ್ತಿರಲಿಲ್ಲ. ಅಮ್ಮ ಏನಾದರೂ ಕೇಳಿದರೆ ಅಪ್ಪ ಅಣ್ಣನ ಕಡೆ ಕೈ ತೋರಿಸುವರು, ಅಣ್ಣ ಮಾಡಿನ ತೊಲೆಯನ್ನು ನೋಡುವರು. ನಮ್ಮ ಮನೆಯ ಆಡಳಿತವೆಲ್ಲ ಕೊನೆಗೆ ಹೋಗಿ ನಿಲ್ಲುತ್ತಿದ್ದುದು ಆ ತೊಲೆಯ ಹತ್ತಿರ.

ಮನೆಯಲ್ಲಿ ದೊಡ್ಡಪ್ಪನ ಹ್ಞೂಂಕಾರಕ್ಕೆ ಸೊಪ್ಪು ಹಾಕದವರು ಒಬ್ಬರೇ. ಅವರನ್ನು ಹೆತ್ತವರು, ನನ್ನ ಅಜ್ಜಿ.

ಇಂಥ ಮನೆಯಲ್ಲಿ ನಾನು ಮಿಡಲ್ ಸ್ಕೂಲ್ ಪಾಸು ಮಾಡಿದೆ. ತೆರಕಣಾಂಬಿಗೆ ನಡೆದುಕೊಂಡು ಹೋಗಿ ಓದಿದ್ದು. ಮುಂದೆ ಓದಬೇಕೆಂದರೆ ಚಾಮರಾಜನಗರದ ಹೈಸ್ಕೂಲು. ಅಲ್ಲಿ ನನ್ನ ಚಿಕ್ಕಮ್ಮ ಇದ್ದರು, ಚಿಕ್ಕಪ್ಪನಿಗೆ ರೈಲ್ವೇ ಸ್ಟೇಷನ್ನಿನಲ್ಲಿ ಕೆಲಸ. ಚಿಕ್ಕಮ್ಮ ತಾವೇ ಬಂದು, "ನಮ್ಮ ಮನೇಲಿ ಇರ್ಲಿ ಭಾವ, ನಾನು ನೋಡ್ಕೋತೀನಿ, ಕಳ್ಸಿ" ಎಂದು ದೊಡ್ಡಪ್ಪನಿಗೆ ಹೇಳಿದರು. ದೊಡ್ಡಪ್ಪ ಎಲೆ ಒರೆಸಿಕೊಂಡರು. ಚಿಕ್ಕಮ್ಮ ಹ್ಞೂಂ ಕೇಳಿಸಿಕೊಂಡು ಖುಷಿಯಾಗಿ ಹೋದರು. ಅವರು ಅತ್ತ ಹೋದ ಮೇಲೆ ದೊಡ್ಡಮ್ಮ, "ಅದು ಎಳ್ದ ಹ್ಞೂಂ, ಬ್ಯಾಡ ಅಂತ" ಎಂದು ಅರ್ಥ ಹೇಳಿದರು. ಅದುವರೆಗೆ ನಮ್ಮೂರಿಂದ ಒಂದು ಹೆಣ್ಣೂ ಹೈಸ್ಕೂಲಿಗೆ ಹೋಗಿರಲಿಲ್ಲ. ಮಾದಪ್ಪಣ್ಣನಂತೂ, "ಎಣ್ ಮಕ್ಳು ಅಷ್ಟು ದೂರ ಓಗಿ ಓದಿ ಏನ್ ಮಾಡ್ಬೇಕು?" ಎಂದು ಜಗುಲಿಯ ಮೇಲೆ ಕೂತೇ ಹೇಳುತ್ತಿದ್ದರು.

ನನಗೆ ಓದಬೇಕಿತ್ತು. ಯಾಕೆ ಅಂದರೆ ಹೇಳಲು ಬರುವುದಿಲ್ಲ. ಪುಸ್ತಕ ಮುಚ್ಚಿಟ್ಟು ರಾಗಿ ಕಲ್ಲಿನ ಮುಂದೆ ಕೂರಬೇಕು ಅಂತ ನೆನೆಸಿಕೊಂಡರೆ ಮುಚ್ಚಿದ ಪುಸ್ತಕವನ್ನು ಮತ್ತೆ ತೆರೆದು ಕೂರುತ್ತಿದ್ದೆ, ಅಷ್ಟೇ. ಒಂದು ದಿನ ಧೈರ್ಯ ಮಾಡಿ ನೇರವಾಗಿ ದೊಡ್ಡಪ್ಪನ ಮುಂದೆ ಹೋಗಿ ನಿಂತೆ. "ದೊಡ್ಡಪ್ಪ, ನಾನು ನಗರ್ಕ ಓದಾಕ ಓಗ್ಲಾ?"

ದೊಡ್ಡಪ್ಪ ತೊಲೆ ನೋಡಿದರು. ಕೈ ಚೀಲಕ್ಕೆ ಹೋಯಿತು. ಎಲೆ ಇತ್ತು, ಅಡಿಕೆ ಇತ್ತು, ಸುಣ್ಣದ ಡಬ್ಬಿ ಇರಲಿಲ್ಲ. ಅಜ್ಜಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕಂಬಕ್ಕೆ ಒರಗಿ ಕೂತಿದ್ದರು.

"ಸುಣ್ಣ ಎಲ್ಲವ್ವ?" ಅಂದರು ದೊಡ್ಡಪ್ಪ.

"ಕೂಸು ಕೇಳ್ತಾ ಅದಲ್ಲ, ಮೊದ್ಲು ಅದ್ಕ ಯೋಳು. ಆಮೇಕ ಕೊಡ್ತೀನಿ."

"ಕೊಡು, ಯೋಳ್ತೀನಿ."

"ಯೋಳು, ಕೊಡ್ತೀನಿ."

ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡುತ್ತ ಬಹಳ ಹೊತ್ತು ಕೂತರು. ದೊಡ್ಡಪ್ಪನ ಹಣೆಯಲ್ಲಿ ಬೆವರು ಬಂತು. ಹುಲಿ ಎದುರು ಬಂದರೂ ಹೆದರದ ಆಸಾಮಿ, ಒಂದು ಹೌದು ಅಥವಾ ಒಂದು ಇಲ್ಲ ಹೇಳಬೇಕಲ್ಲ ಅಂತ ಬೆವರುತ್ತಿದ್ದರು. ಕೊನೆಗೆ ಎದ್ದು, ಹೆಗಲ ಮೇಲೆ ಟವೆಲು ಹಾಕಿಕೊಂಡು, ಎದುರು ಮನೆ ಮಾದಪ್ಪಣ್ಣನ ಹತ್ತಿರ ಸುಣ್ಣ ಕೇಳಲು ಹೊರಟರು. ಅವತ್ತು ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು ನನಗೆ. ಬೇಡ ಅಂದಿದ್ದರೆ ಅತ್ತುಕೊಂಡಾದರೂ ಸುಮ್ಮನಾಗುತ್ತಿದ್ದೆ.

ಹೀಗೆ ನಾನು ಉತ್ತರ ಕಾಯುತ್ತಿರುವಾಗ ಕುದೇರಿನವರು ಬಂದರು.

ಕುದೇರಿನವರು ಅನುಕೂಲಸ್ಥರು. ಹೊಲ, ಗದ್ದೆ, ರೇಷ್ಮೆ ಎಲ್ಲ ಇತ್ತು. ಹುಡುಗನಿಗೆ ಸೈಕಲ್ಲು ಇತ್ತು, ಕೈಗೆ ವಾಚು ಇತ್ತು. ಅವರ ಮನೆಯ ಯಜಮಾನರು ನಾಲ್ಕು ಜನ ಹಿರಿಯರನ್ನು ಕರೆದುಕೊಂಡು, ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣ, ಬಾಳೆಹಣ್ಣು, ತೆಂಗಿನಕಾಯಿ ಇಟ್ಟುಕೊಂಡು ನನ್ನನ್ನು ಕೇಳಲು ಬಂದಿದ್ದರು. ನಮ್ಮ ಕಡೆ ಪದ್ಧತಿ ಹೀಗಿತ್ತು. ಗಂಡಿನ ಕಡೆಯವರು ಆ ತಟ್ಟೆಯನ್ನು ಹೆಣ್ಣಿನ ಮನೆಯ ಹಿರಿಯನ ಮುಂದೆ ಇಡುತ್ತಾರೆ. ಯೋಚಿಸಿ ಹೇಳುತ್ತೇವೆ ಅನ್ನುವವರು ತಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹಾಗೇ ಬಿಡಬೇಕು. ಅದರಿಂದ ಎಲೆ ತೆಗೆದುಕೊಂಡರೆ ಹೆಣ್ಣು ಕೊಟ್ಟ ಹಾಗೆ. ಬಾಯಿಗೇ ಹಾಕಿಕೊಂಡರಂತೂ ಇನ್ನು ತಾಳಿ ಕಟ್ಟುವುದೊಂದು ಬಾಕಿ.

ಅಜ್ಜಿ ಎಂದಿನಂತೆ ಕಂಬಕ್ಕೆ ಒರಗಿ ಕೂತಿದ್ದರು, ನಾನೂ ಅಮ್ಮನೂ ಬಾಗಿಲ ಹಿಂದೆ ನಿಂತಿದ್ದೆವು. ಕುದೇರಿನ ಯಜಮಾನರು ತಟ್ಟೆ ಮುಂದಿಟ್ಟು, ಗಂಟಲು ಸರಿಮಾಡಿಕೊಂಡು, "ಸುತ್ತಿ ಬಳಸಿ ಮಾತಾಡದು ನಮ್ಗ ಬರಲ್ಲ ಯಜಮಾನ್ರೇ. ನಿಮ್ಮ ತಮ್ಮನ ಮಗ್ಳ ನಮ್ಮ ಮಗನ್ಗ ಕೊಡ್ತೀರಾ, ಇಲ್ವಾ? ಒಂದು ಮಾತು ಯೋಳ್ಬುಡಿ" ಅಂದರು.

ಒಂದು ಮಾತು. ಜಗುಲಿ ತುಂಬ ಜನ. ಎಲ್ಲರ ಕಣ್ಣೂ ದೊಡ್ಡಪ್ಪನ ಬಾಯಿಯ ಮೇಲೆ. ದೊಡ್ಡಪ್ಪ ತೊಲೆ ನೋಡಿದರು. ಅವರ ಸ್ವಂತ ಚೀಲ ದೂರದ ಗೂಟದಲ್ಲಿ ನೇತಾಡುತ್ತಿತ್ತು. ಕೈಗೆ ಅದೆಲ್ಲ ಏನು ಗೊತ್ತು? ಅದು ಹತ್ತಿರ ಕಂಡ ಎಲೆಯ ಕಡೆಗೆ ತಾನಾಗಿ ಹೋಯಿತು. ಒರೆಸಿತು, ತೊಟ್ಟು ಮುರಿಯಿತು, ನಾರು ಎಳೆಯಿತು, ಸುಣ್ಣ ಸವರಿತು. ಎಲೆ ದವಡೆಗೆ ಸೇರಿದ ಮೇಲೆಯೇ ದೊಡ್ಡಪ್ಪ ತೊಲೆಯಿಂದ ಕಣ್ಣು ಕೆಳಗಿಳಿಸಿ ತಟ್ಟೆಯನ್ನು ನೋಡಿದ್ದು.

ಕುದೇರಿನ ಯಜಮಾನರು ಎರಡೂ ಕೈ ಎತ್ತಿ ಮುಗಿದರು. "ಆಯ್ತು ಬುಡಿ, ಒಳ್ಳೇದಾಯ್ತು. ವೀಳ್ಯ ಒಪ್ಕಂಡ್ರಿ."

ದೊಡ್ಡಪ್ಪನ ಕಣ್ಣು ಅಷ್ಟಗಲ ಆದವು. ಬೇಡ, ಅಲ್ಲ, ನಿಲ್ಲಿ ಎಂದು ಹೇಳಲು ಹೋದರು. ಬಾಯಿ ತುಂಬ ರಸ. "ಹ್ಞೂಂ, ಹ್ಞೂಂ, ಹ್ಞೂಂ" ಅಂದರು.

"ಮೂರ್ ಮೂರ್ ಸಲ ಅಂದ್ರು ಕಣ್ಲಾ. ನಾನು ನೋಡೇ ಇರ್ನಿಲ್ಲ" ಎಂದು ಮಾದಪ್ಪಣ್ಣ ಕಣ್ಣೊರೆಸಿಕೊಂಡರು. ಬಾಗಿಲ ಹಿಂದೆ ಅಮ್ಮ ನನ್ನ ರಟ್ಟೆಯನ್ನು ನೋವಾಗುವ ಹಾಗೆ ಹಿಡಿದುಕೊಂಡಿದ್ದರು.

ಇಲ್ಲಿಂದ ಮುಂದೆ ನಡೆದದ್ದನ್ನು ಮಹಡಿ ಮನೆಯ ಹುಡುಗ ಬರೆದುಕೊಳ್ಳಬೇಕಿತ್ತು. ಕೈ ತಪ್ಪಿನಿಂದ ಆದದ್ದು ಸಂಜೆಯ ಹೊತ್ತಿಗೆ ದೂರದೃಷ್ಟಿಯಾಗಿತ್ತು. ಅಪ್ಪ, "ಅಣ್ಣ ಇಷ್ಟು ದಿನ ಸುಮ್ನ ಇದ್ದದ್ದು ಇದ್ಕೇಯ. ಒಳ್ಳೇ ಮನ್ತನ ಬರ್ಲಿ ಅಂತ ಕಾಯ್ತಿದ್ದ" ಅಂದರು. ದೊಡ್ಡಮ್ಮ, ಆ ಮೂರು ಹ್ಞೂಂಗಳಲ್ಲಿ ಒಂದು ಹುಡುಗನಿಗೆ, ಒಂದು ಮನೆತನಕ್ಕೆ, ಒಂದು ಹೊಲಕ್ಕೆ ಎಂದು ಬಿಡಿಸಿ ಹೇಳಿದರು. ಮೊದಲ ದಿನ ದೊಡ್ಡಪ್ಪ ಯಾರ ಮುಖವನ್ನೂ ನೋಡದೆ ಹೊಲದಲ್ಲೇ ಇದ್ದರು. ಎರಡು ದಿನ ಬಿಟ್ಟು ಜಗುಲಿಗೆ ಬಂದು ಕೂತರು. ಬಂದವರೆಲ್ಲ ಭಲೇ ಅಂದರು. ವಾರ ಕಳೆಯುವಷ್ಟರಲ್ಲಿ ದೊಡ್ಡಪ್ಪನಿಗೇ ತಾವು ಯೋಚನೆ ಮಾಡಿಯೇ ಎಲೆ ತೆಗೆದುಕೊಂಡದ್ದು ಅನ್ನಿಸತೊಡಗಿತ್ತು. ತಪ್ಪನ್ನು ಹತ್ತು ಜನ ಹೊಗಳಿದರೆ ಮಾಡಿದವನಿಗೂ ಅದು ತಪ್ಪು ಅನ್ನುವುದು ಮರೆತುಹೋಗುತ್ತದೆ.

ನಾನು ಊಟ ಬಿಟ್ಟು ಅಡಿಗೆಮನೆಯ ಮೂಲೆಯಲ್ಲಿ ಬಿದ್ದುಕೊಂಡಿದ್ದೆ. ಸೈಕಲ್ಲಿನ ಹುಡುಗನ ಮೇಲೆ ನನಗೇನೂ ದ್ವೇಷವಿರಲಿಲ್ಲ. ಆದರೆ ನನ್ನ ಬಾಳು ಯಾರದೋ ದವಡೆಯಲ್ಲಿ ಅರೆದುಹೋಗಿತ್ತು. ಅಜ್ಜಿ ನನ್ನನ್ನು ನೋಡಿದರು. ನೆಟ್ಟಗೆ ಮಗನ ಹತ್ತಿರ ಹೋದರು.

"ಲೋ, ಕೈ ತಪ್ಪಿ ತಗಂಡ್ಬುಟ್ಟೆ ಅಂತ ಅವ್ರ್ಗ ಯೋಳ್ಕಳ್ಸು."

"ಅದೆಂಗವ್ವ ಆಯ್ತದೆ? ಮಾತು ಕೊಟ್ಟಾಯ್ತಲ್ಲ" ಅಂದರು ದೊಡ್ಡಪ್ಪ.

"ಯಾವಾಗ್ಲಾ ಕೊಟ್ಟೆ? ನಿನ್ನ ಎತ್ತಾಗ್ಲಿಂದ ನೋಡ್ತಾ ಇವ್ನಿ, ನೀನು ಯಾರ್ಗಾದ್ರೂ ಒಂದು ಮಾತು ಆಡಿದ್ದುಂಟಾ?"

ದೊಡ್ಡಪ್ಪ ತೊಲೆ ನೋಡಿದರು. ಅಜ್ಜಿ ಹೊರಟುಬಂದರು. ಮಗನನ್ನು ಬೈದು ತಿದ್ದುವುದು ಆಗುವ ಹೋಗುವ ಕೆಲಸವಲ್ಲ, ಅವನು ಹೇಗಿದ್ದಾನೋ ಹಾಗೇ ಉಪಯೋಗಿಸಿಕೊಳ್ಳಬೇಕು ಎಂದು ಅವರಿಗೆ ಆಗಲೇ ಹೊಳೆದಿರಬೇಕು.

ಮಾರನೆಯ ಬೆಳಿಗ್ಗೆ ಜಗುಲಿ ತುಂಬ ಜನ ಇರುವ ಹೊತ್ತು ನೋಡಿಕೊಂಡು ಅಜ್ಜಿ ಹೊರಗೆ ಬಂದರು. ಎಲ್ಲರಿಗೂ ಕೇಳಿಸುವ ಹಾಗೆ, ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳಿದರು. "ನೋಡ್ಲಾ, ನಾನು ಕೂಸ್ನ ಕರ್ಕಂಡು ಗಾಡೀಲಿ ಕುದೇರ್ಗ ಓಯ್ತೀನಿ. ಅವ್ರ ವೀಳ್ಯ ಅವ್ರ್ಗ ಇಂದಕ್ಕ ಕೊಡ್ತೀನಿ. ಅಲ್ಲಿಂದ ನಗರ್ಕ ಓಗಿ ಕೂಸ್ನ ಸ್ಕೂಲ್ಗ ಸೇರ್ಸಿ ಬತ್ತೀನಿ. ಆಗ್ಬೋದಾ?"

ಜನ ದೊಡ್ಡಪ್ಪನ ಕಡೆ ತಿರುಗಿದರು. ದೊಡ್ಡಪ್ಪ ಅಜ್ಜಿಯನ್ನು ನೋಡಿದರು, ಬಾಗಿಲಲ್ಲಿ ನಿಂತ ನನ್ನನ್ನೂ ನೋಡಿದರು. ಅವತ್ತು ತೊಲೆ ನೋಡಲಿಲ್ಲ. ಚೀಲ ಬಿಚ್ಚಿದರು, ಎಲೆ ತೆಗೆದು ಒರೆಸಿದರು. ಎಷ್ಟು ನಿಧಾನ ಅಂತೀರಿ! ಹಾಕಿಕೊಂಡು, ಅಗಿದು, "ಹ್ಞೂಂ" ಅಂದರು.

"ಕೇಳ್ಸ್ತಾ ಮಾದಪ್ಪ?" ಅಂದರು ಅಜ್ಜಿ.

"ಕೇಳ್ಸ್ತು ಕಣಜ್ಜಿ. ಗಿಡ್ಡ ಹ್ಞೂಂ. ಆಗ್ಲಿ ಅಂತ" ಎಂದರು ಮಾದಪ್ಪಣ್ಣ. ಅವರ ಮುಖದಲ್ಲಿ ಗಲಿಬಿಲಿ ಇತ್ತು, ಆದರೆ ಕಿವಿಯಾರೆ ಕೇಳಿದ ಹ್ಞೂಂಕಾರವನ್ನು ಅಲ್ಲಗಳೆಯುವುದು ಅವರ ಜಾಯಮಾನವಲ್ಲ. ಗಾಡಿ ಹೊರಡುವಾಗ ದೊಡ್ಡಪ್ಪ ಬಂದು ತಮ್ಮ ಕೊಡೆಯನ್ನು ನನ್ನ ಪಕ್ಕದಲ್ಲಿಟ್ಟು ಹಾಗೇ ಹಿಂದಿರುಗಿದರು. ಅದಕ್ಕೆ ಏನು ಅರ್ಥ ಎಂದು ದೊಡ್ಡಮ್ಮನನ್ನು ಕೇಳಲು ಪುರುಸೊತ್ತಾಗಲಿಲ್ಲ.

ದಾರಿಯುದ್ದಕ್ಕೂ ನಾನು, "ಅವ್ರು ಒಪ್ನಿಲ್ಲ ಅಂದ್ರ ಏನ್ ಮಾಡದಜ್ಜಿ?" ಎಂದು ಕೇಳುತ್ತಲೇ ಇದ್ದೆ. ವೀಳ್ಯ ಹಿಂದಕ್ಕೆ ಕೊಟ್ಟರೆ ಸಾಲದು, ಅವರು ತೆಗೆದುಕೊಂಡರೆ ಮಾತ್ರ ಸಂಬಂಧ ಬಿಟ್ಟ ಹಾಗೆ. ತೆಗೆದುಕೊಳ್ಳುವುದಿಲ್ಲ ಎಂದು ಕೂತರೆ ನನ್ನ ಗತಿ ಕುದೇರೇ. ಅಜ್ಜಿ, "ಅವ್ರ ಯಜಮಾನ್ನ ಅವತ್ತು ಸರ್ಯಾಗಿ ನೋಡಿವ್ನಿ, ಸುಮ್ನಿರಮ್ಮಿ" ಎಂದಷ್ಟೇ ಹೇಳಿದರು.

ಕುದೇರಿನ ಮನೆಯ ಜಗುಲಿಯಲ್ಲೂ ಜನ ಇದ್ದರು, ಮನೆಯವರು ಮೋರೆ ಗಂಟು ಹಾಕಿಕೊಂಡೇ ಚಾಪೆ ಹಾಸಿದರು. ಅಜ್ಜಿ ಹೊಸ ತಟ್ಟೆಯಲ್ಲಿ ಎಳೆಯ ವೀಳ್ಯದೆಲೆ ಜೋಡಿಸಿ, ಅಡಿಕೆ, ಸುಣ್ಣ ಎಲ್ಲ ಒಪ್ಪವಾಗಿ ಇಟ್ಟು, ಆ ಯಜಮಾನರ ಕೈಗೆಟುಕುವ ಹಾಗೆ ಮುಂದೆ ಸರಿಸಿದರು. "ನಮ್ಮ ಕೂಸು ಓದ್ಬೇಕು ಅಂತದೆ. ನಿಮ್ಮ ಮನಗ ಬಂದ್ಮೇಕೂ ಅದ್ನೇ ಅಂತದೆ. ಅಂಥ ಸೊಸೆ ನಿಮ್ಗ ಬೇಕಾ, ಬ್ಯಾಡ್ವಾ? ಎಲ್ರ ಮುಂದ ಒಂದು ಮಾತು ಯೋಳ್ಬುಡಿ."

ಬೇಕು ಅಂದರೆ ಸೊಸೆಯನ್ನು ಓದಿಸಬೇಕು. ಬೇಡ ಅಂದರೆ ತಾವೇ ಕೇಳಿದ ಹೆಣ್ಣನ್ನು ತಾವೇ ಬಿಟ್ಟ ಹಾಗೆ. ಅಷ್ಟು ಜನರ ನಡುವೆ ಆ ಯಜಮಾನರು ಒಳಗಡೆ ಬಾಗಿಲ ಕಡೆ ನೋಡಿದರು. ಬಾಗಿಲ ಹಿಂದಿನಿಂದ ಅವರ ಹೆಂಡತಿ, "ಮಿಡ್ಲ್ ಸ್ಕೂಲ್ ಓದಿರೋಳೇ ನಮ್ಗ ಜಾಸ್ತಿ ಆಯ್ತು" ಎಂದು ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಯಜಮಾನರು ತಲೆಯೆತ್ತಿ ತಮ್ಮ ಮನೆಯ ತೊಲೆ ನೋಡಿದರು. ನೋಡುತ್ತ ನೋಡುತ್ತ ಅವರ ಕೈ ತಟ್ಟೆಗೆ ಬಂತು. ಎಲೆ ಒರೆಸಿ, ತೊಟ್ಟು ಮುರಿದು, ಬಾಯಿಗೆ ಹಾಕಿಕೊಂಡು ಎಂಥದೋ ಒಂದು ಸದ್ದು ಮಾಡಿದರು.

ಅಜ್ಜಿ ತಕ್ಷಣ ಎದ್ದು ಕೈಮುಗಿದರು. "ಒಳ್ಳೇದಾಯ್ತು ಬುಡಿ. ವೀಳ್ಯ ತಗಂಡ್ರಿ." ಅವರು ಬಾಯಿ ಖಾಲಿ ಮಾಡಿಕೊಳ್ಳುವಷ್ಟರಲ್ಲಿ ನಮ್ಮ ಗಾಡಿ ಕುದೇರು ದಾಟಿತ್ತು. ಅಂಗಳದಲ್ಲಿ ಸೈಕಲ್ಲು ಹಿಡಿದು ನಿಂತಿದ್ದ ಹುಡುಗ ನಾವು ಹೊರಡುವಾಗ ಒಂದು ಸಲ ಬೆಲ್ ಹೊಡೆದ. ಖುಷಿಗೆ ಹೊಡೆದನೋ ಬೇಜಾರಿಗೋ ತಿಳಿಯಲಿಲ್ಲ.

ಚಾಮರಾಜನಗರದ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರು, "ಹುಡುಗೀನ ಓದಿಸಬೇಕು ಅಂತ ತೀರ್ಮಾನ ಮಾಡಿದೋರು ಯಾರಮ್ಮ? ನಡುವೆ ಬಿಡಿಸಬಾರದು ನೋಡಿ" ಎಂದು ಕೇಳಿದರು. ನಾನು ಅಜ್ಜಿಯನ್ನು ನೋಡಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು, "ನನ್ನ ದೊಡ್ಡ ಮಗ ಸ್ವಾಮಿ. ನಮ್ಮೂರ ಛೇರ್ಮನ್ನು. ಅವ್ನು ಒಂದು ಸಲ ಅಂದ್ರ ಮುಗೀತು" ಅಂದರು.

ದಸರಾ ರಜಕ್ಕೆ ಊರಿಗೆ ಬಂದೆ. ಜಗುಲಿಯ ಮೇಲೆ ಮಾದಪ್ಪಣ್ಣ ಯಾರೋ ನೆಂಟರಿಗೆ ಕತೆ ಹೇಳುತ್ತಿದ್ದರು. ಯಜಮಾನರಿಗೆ ಮೊದಲಿನಿಂದಲೂ ಹುಡುಗಿಯನ್ನು ಓದಿಸುವ ಮನಸ್ಸಿತ್ತಂತೆ. ಕುದೇರಿನವರ ಗುಣ ನೋಡೋಣ ಅಂತಲೇ ವೀಳ್ಯ ತೆಗೆದುಕೊಂಡರಂತೆ. ಅವರು ಓದಿಸುವ ಪೈಕಿ ಅಲ್ಲ ಎಂದು ಗೊತ್ತಾದ ಕೂಡಲೇ ಹೆತ್ತ ತಾಯಿಯನ್ನೇ ಕಳಿಸಿ ಬಿಡಿಸಿಕೊಂಡರಂತೆ. ದೊಡ್ಡಪ್ಪ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಕತೆಯ ಒಳ್ಳೊಳ್ಳೆಯ ಜಾಗ ಬಂದಾಗ ಅವರಿಗೂ ಕುತೂಹಲ ಹೆಚ್ಚಿ, ಮುಂದೇನಾಯಿತು ಎನ್ನುವ ಹಾಗೆ ಮಾದಪ್ಪಣ್ಣನ ಮುಖ ನೋಡುತ್ತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಅಡಿಗೆಮನೆಗೆ ಹೋಗಿ ಅಜ್ಜಿಯ ಮುಂದೆ ಕುಕ್ಕರಿಸಿದೆ. "ಎಲ್ಲಾ ಮಾಡಿದ್ದು ನೀನು. ಅವ್ರ ಎಸ್ರು ಯಾಕ ಯೋಳ್ದೆ? ನಾನೀಗ ಓಗಿ ಇದ್ದದ್ದ ಇದ್ದಂಗ ಯೋಳ್ಬುಡ್ತೀನಿ."

ಅಜ್ಜಿ ಒಲೆಯ ಕಟ್ಟಿಗೆ ಹಿಂದಕ್ಕೆಳೆದು ಉರಿ ಸಣ್ಣ ಮಾಡಿದರು. "ಯೋಳಮ್ಮಿ, ನಾನೇನ್ ಬ್ಯಾಡ ಅನ್ನಲ್ಲ. ಮುದ್ಕಿ ಮಾಡುದ್ಲು ಅಂದ್ರ ನೀನೊಬ್ಳು ಓದ್ತೀಯೆ. ಯಜಮಾನ ಮಾಡ್ದ ಅಂದ್ರ ಊರ ಕೂಸ್ಗಳೆಲ್ಲ ಓದ್ತವೆ. ನಿನ್ಗ ಯಾವ್ದು ಬೇಕು?"

ಅಜ್ಜಿ ಮಾಡಿದ್ದನ್ನು ಇನ್ಯಾರದೋ ಹೆಸರಲ್ಲಿ ಕೇಳುವುದು ನನ್ನಿಂದಾಗದು ಎಂದು ಅಳು ಬಂತು. ಆ ರಜವೆಲ್ಲ ಮಾದಪ್ಪಣ್ಣ ಕಂಡರೆ ಬೇರೆ ದಾರಿ ಹಿಡಿದು ಹೋದೆ.

ಮುಂದಿನ ಜೂನಿನಲ್ಲಿ ಅಜ್ಜಿ ನನ್ನನ್ನು ಸ್ಕೂಲಿಗೆ ಬಿಡಲು ಹೊರಟಾಗ ಗಾಡಿ ಎದುರು ಮನೆಯ ಮುಂದೆ ನಿಂತಿತು. ಮಾದಪ್ಪಣ್ಣ ತಲೆಯ ಮೇಲೆ ತಗಡಿನ ಟ್ರಂಕು ಹೊತ್ತುಕೊಂಡು ಬಂದರು. ಹಿಂದೆ ಅವರ ಮಗಳು ನೀಲ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಅತ್ತು ಕೆಂಪಾದ ಮೂಗು, ಮುಖದಲ್ಲಿ ಮುಚ್ಚಿಡಲಾರದ ಖುಷಿ. ನನ್ನ ಹಾಗೇ ಮಿಡಲ್ ಸ್ಕೂಲ್ ಪಾಸು ಮಾಡಿದ್ದಳು.

"ನಮ್ಗೇನು ಗೊತ್ತಾಯ್ತದೆ ಕಣವ್ವ" ಎಂದು ಮಾದಪ್ಪಣ್ಣ ಟ್ರಂಕನ್ನು ಗಾಡಿಯೊಳಗೆ ತಳ್ಳುತ್ತ ನನಗೆ ಹೇಳಿದರು. "ಯಜಮಾನ್ರೇ ಮುಂದಾಗಿ ನಿನ್ನ ಕಳ್ಸವ್ರೆ ಅಂದ್ಮೇಕ ಅದ್ರಲ್ಲಿ ಏನೋ ಇರ್ಬೇಕು. ಅಂಥ ಬುದ್ದಿ ಇರೋ ತಲ ಈ ಸೀಮೇಲೇ ಇಲ್ಲ. ಅಲ್ವಾ?"

ನೀಲ ಗಾಡಿಯ ಹಲಗೆ ಹಿಡಿದು ಒಂದು ಕಾಲು ಮೇಲಿಟ್ಟು ನಿಂತಿದ್ದಳು. ಅಪ್ಪ ಮಗಳು ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಅಜ್ಜಿ ನನ್ನ ಕಡೆ ತಿರುಗಲೇ ಇಲ್ಲ, ಎತ್ತುಗಳನ್ನೇ ನೋಡುತ್ತ ಕೂತಿದ್ದರು.

"ಹ್ಞೂಂ, ಮಾದಪ್ಪಣ್ಣ" ಎಂದು ಹೇಳಿ ನಾನು ಪಕ್ಕಕ್ಕೆ ಸರಿದು ನೀಲಳಿಗೆ ಜಾಗ ಬಿಟ್ಟೆ.